ಹೊರೆಯಾಳುಗಳ ಜೊತೆ ನಡೆದ ಪಾದ್ರಿ: ಡಾ. ಜಾನ್ ಆರ್ಥರ್

ನೈರೋಬಿಯ ಕನ್ನಡಿಗರಾದ ನಮಗೆಲ್ಲ ಕರಿಯೊಕೋರ್ ಪರಿಚಿತ ಹೆಸರು. ಊರಿನಿಂದ ಬಂದ ನೆಂಟರನ್ನು ಅಲ್ಲಿನ ಮಾರುಕಟ್ಟೆಗೆ ಕರೆದೊಯ್ದು ಕತ್ತಾಳೆ ನಾರಿನ ಬುಟ್ಟಿ ಕೊಡಿಸದವರು ನಮ್ಮಲ್ಲಿ ವಿರಳ. ಆದರೆ ಆ ಹೆಸರು ಬಂದ ಬಗೆ ಹಲವರಿಗೆ ತಿಳಿದಿರಲಾರದು. 'ಕ್ಯಾರಿಯರ್ ಕೋರ್' ಎಂಬುದೇ ಜನರ ನಾಲಿಗೆಯಲ್ಲಿ ಕರಿಯೊಕೋರ್ ಆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಹೊರೆ ಹೊರುವವರ ಶಿಬಿರ ಅಲ್ಲಿತ್ತು. ಅಂಥ ಹೊರೆಯಾಳುಗಳ ಜೊತೆ ಯುದ್ಧಭೂಮಿಗೆ ಹೋದ ಪಾದ್ರಿಯೊಬ್ಬರ ಜೀವನವನ್ನು ಈ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಜಾನ್ ವಿಲಿಯಂ ಆರ್ಥರ್ ಹುಟ್ಟಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ, 1907ರಲ್ಲಿ ಸ್ಕಾಟ್ಲೆಂಡ್ ಚರ್ಚಿನ ವೈದ್ಯರಾಗಿ ನೈರೋಬಿಗೆ ಸಮೀಪದ ಕಿಕುಯು ಮಿಷನ್ನಿಗೆ ಬಂದರು. ಆ ಸ್ಥಳವೇ ಥೊಗೊಟೊ. 'ಸ್ಕಾಟ್' ಎಂಬ ಪದವನ್ನು ಕಿಕುಯು ಜನ ಉಚ್ಚರಿಸಿದ ರೀತಿಯಿಂದ ಆ ಹೆಸರು ಬಂದಿತು. ಆಸ್ಪತ್ರೆ, ಶಾಲೆ ಎರಡರಲ್ಲೂ ದುಡಿದ ಆರ್ಥರ್, ಹಿರಿಯರಾದ ಹೆನ್ರಿ ಸ್ಕಾಟ್ 1911ರಲ್ಲಿ ತೀರಿಕೊಂಡ ನಂತರ ಮಿಷನ್ನಿನ ಹೊಣೆ ಹೊತ್ತರು. ಮುಂದೆ ದೀಕ್ಷೆ ಪಡೆದು ಪಾದ್ರಿಯೂ ಆದರು. ಕೀನ್ಯದ ಮೊದಲ ಅಧ್ಯಕ್ಷ ಜೋಮೋ ಕೆನ್ಯಾಟಾ ಬಾಲ್ಯದಲ್ಲಿ ಅಕ್ಷರ ಕಲಿತದ್ದು ಇದೇ ಥೊಗೊಟೊದಲ್ಲಿ.

1914ರಲ್ಲಿ ಯುದ್ಧ ಆರಂಭವಾಯಿತು. ನೆರೆಯ ಜರ್ಮನ್ ಪೂರ್ವ ಆಫ್ರಿಕದ ಮೇಲೆ, ಎಂದರೆ ಇಂದಿನ ಟಾಂಜಾನಿಯದ ಮೇಲೆ, ದಾಳಿಗೆ ಹಡಗಿನಲ್ಲಿ ಬಂದ ಭಾರತೀಯ ಪಡೆಗಳಲ್ಲಿ ಬೆಂಗಳೂರು ಬ್ರಿಗೇಡ್ ಎಂಬುದೂ ಒಂದು. ಆ ವರ್ಷದ ನವೆಂಬರಿನಲ್ಲಿ ಟಾಂಗಾ ಬಂದರಿನಲ್ಲಿ ಆ ದಾಳಿ ವಿಫಲವಾಯಿತು. ಆಮೇಲೆ ಯುದ್ಧ ಒಳನಾಡಿಗೆ ಸರಿಯಿತು. ಅಲ್ಲಿ ರಸ್ತೆಯಿಲ್ಲ, ಎತ್ತು, ಕುದುರೆಗಳು ತ್ಸೆತ್ಸೆ ನೊಣದ ಕಡಿತಕ್ಕೆ ಸಾಯುತ್ತಿದ್ದವು. ಗುಂಡು, ಹಿಟ್ಟು, ಔಷಧ ಎಲ್ಲವನ್ನೂ ಮನುಷ್ಯರೇ ಹೊರಬೇಕಾಯಿತು. 1915ರಲ್ಲಿ ಬಂದ ಕಾನೂನು ಜನರನ್ನು ಬಲವಂತವಾಗಿ ಹಿಡಿದೊಯ್ಯಲು ಅನುವು ಮಾಡಿಕೊಟ್ಟಿತು. ಹೊರೆಯಾಳುಗಳಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ 40 ಸಾವಿರಕ್ಕೂ ಹೆಚ್ಚು. ಬಹುಪಾಲು ಜನರನ್ನು ಕೊಂದದ್ದು ಗುಂಡಲ್ಲ. ಅರೆಬೆಂದ ಜೋಳದ ಹಿಟ್ಟಿನಿಂದ ಉಲ್ಬಣಿಸಿದ ಆಮಶಂಕೆ, ಚಳಿಜ್ವರ ಮತ್ತು ನ್ಯುಮೋನಿಯ.

1917ರಲ್ಲಿ ಊರೂರುಗಳಿಂದ ಗಂಡಸರನ್ನು ಸಾಮೂಹಿಕವಾಗಿ ಸೆಳೆಯತೊಡಗಿದಾಗ, ಮಿಷನ್ನಿನ ಯುವಕರನ್ನೂ ಬಿಡುವಂತಿರಲಿಲ್ಲ. ಆಗ ಮಿಷನ್ನುಗಳು ತಮ್ಮ ಜನರದೇ ಪ್ರತ್ಯೇಕ ದಳವೊಂದನ್ನು ಕಟ್ಟಿದವು. ಅದೇ 'ಕಿಕುಯು ಮಿಷನ್ ವಾಲಂಟಿಯರ್ಸ್'. ಹೆಸರಿನಲ್ಲಿ ಸ್ವಯಂಸೇವೆ ಇದ್ದರೂ ಬೆನ್ನ ಹಿಂದೆ ಸರ್ಕಾರದ ಬಲವಂತ ಇತ್ತೆಂಬುದನ್ನು ನಾವು ಮರೆಯಬಾರದು. ಆರ್ಥರ್ ಆ ಯುವಕರನ್ನು ಕಳಿಸಿಕೊಟ್ಟು ಮನೆಯಲ್ಲಿ ಪ್ರಾರ್ಥನೆ ಮಾಡುತ್ತ ಕೂರಲಿಲ್ಲ. ಕ್ಯಾಪ್ಟನ್ ಹುದ್ದೆ ವಹಿಸಿ ತಾವೇ ದಳದ ಮುಂದಾಳಾದರು. ವೈದ್ಯರೂ ಪಾದ್ರಿಯೂ ಅಧಿಕಾರಿಯೂ ಒಬ್ಬರೇ ಆಗಿ ಜೊತೆಗಿದ್ದರು. ಇತರ ಹೊರೆಯಾಳುಗಳಿಗೆ ಹೋಲಿಸಿದರೆ ಈ ದಳದಲ್ಲಿ ಸಾವು ತೀರ ಕಡಿಮೆ. ತಮ್ಮವರೆಂದು ನೋಡಿಕೊಳ್ಳುವವರು ಇದ್ದರೆ ಎಷ್ಟು ಜೀವ ಉಳಿಯಬಹುದಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಉಳಿದ ಸಾವಿರಾರು ಮಂದಿಗೆ ಆ ಭಾಗ್ಯವಿರಲಿಲ್ಲ.

ಇನ್ನೊಂದು ಸ್ವಾರಸ್ಯವೂ ಉಂಟು. 1913ರಲ್ಲಿ ಕಿಕುಯುವಿನಲ್ಲಿ ವಿವಿಧ ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಲು ಸಭೆ ಸೇರಿದಾಗ, ಅದನ್ನು ಉಗ್ರವಾಗಿ ವಿರೋಧಿಸಿದವರು ಜಂಜಿಬಾರಿನ ಬಿಷಪ್ ಫ್ರಾಂಕ್ ವೆಸ್ಟನ್. ಯುದ್ಧದಲ್ಲಿ ಅವರೂ ಜಂಜಿಬಾರಿನ ಹೊರೆಯಾಳುಗಳ ದಳ ಕಟ್ಟಿ ಅದರೊಂದಿಗೆ ನಡೆದರು. ಧರ್ಮಶಾಸ್ತ್ರದಲ್ಲಿ ಕೂಡದವರು ಹೊರೆಯ ಹಾದಿಯಲ್ಲಿ ಕೂಡಿದರು.

ಯುದ್ಧ ಮುಗಿದ ಮೇಲೆ ಆರ್ಥರ್ 1924ರಲ್ಲಿ ಶಾಸನ ಸಭೆಯಲ್ಲಿ ಆಫ್ರಿಕನ್ನರ ಪರವಾಗಿ ಮಾತನಾಡಲು ನೇಮಕಗೊಂಡರು. ಆಫ್ರಿಕನ್ನರೇ ಒಬ್ಬರು ಆ ಸಭೆಗೆ ಬರಲು 1944ರವರೆಗೆ ಕಾಯಬೇಕಾಯಿತು. 1926ರಲ್ಲಿ ಕಿಕುಯುವಿನಲ್ಲಿ ತೆರೆದ ಅಲಯನ್ಸ್ ಹೈಸ್ಕೂಲಿನ ಸ್ಥಾಪನೆಯಲ್ಲಿಯೂ ಅವರ ಶ್ರಮವಿದೆ. ಯುದ್ಧ ಪರಿಹಾರ ನಿಧಿಯ ಹಣವೂ ಆ ಕಾರ್ಯಕ್ಕೆ ಒದಗಿತು. ಸ್ವತಂತ್ರ ಕೀನ್ಯದ ಮೊದಲ ಸಚಿವ ಸಂಪುಟದ ಹಲವರು ಅಲ್ಲಿ ಓದಿದವರೇ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾದೀತು. 1929ರಲ್ಲಿ ಆರ್ಥರ್ ಹೆಣ್ಣುಮಕ್ಕಳ ಸುನ್ನತಿಯ ವಿರುದ್ಧ ಹೋರಾಟ ಹೂಡಿದರು. ವೈದ್ಯರಾಗಿ ಅದರ ನೋವು, ಅಪಾಯ ಕಂಡಿದ್ದರು. ಆದರೆ ಆ ಪದ್ಧತಿಯನ್ನು ಬಿಡುತ್ತೇವೆಂದು ಹೆಬ್ಬೆಟ್ಟು ಒತ್ತದವರಿಗೆ ಚರ್ಚಿನಲ್ಲಿ ಸ್ಥಾನವಿಲ್ಲವೆಂದಾಗ ಜನ ಸಿಡಿದೆದ್ದರು. ಸಭೆಗಳು ಖಾಲಿಯಾದವು, ಕಿಕುಯು ಜನ ತಮ್ಮದೇ ಸ್ವತಂತ್ರ ಶಾಲೆಗಳನ್ನು ಕಟ್ಟಿಕೊಂಡರು. ಆರ್ಥರ್ ಅವರನ್ನೂ ಇತರರನ್ನೂ ಮೂದಲಿಸುವ ಮುಥಿರಿಗು ಎಂಬ ಕುಣಿತದ ಹಾಡು ಎಲ್ಲೆಡೆ ಹಬ್ಬಿ, 1930ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆರ್ಥರ್ ಗವರ್ನರರ ಕಾರ್ಯಕಾರಿ ಮಂಡಳಿಯ ಸ್ಥಾನವನ್ನು ಬಿಡಬೇಕಾಯಿತು. 1933ರಲ್ಲಿ ಥೊಗೊಟೊದ 'ಚರ್ಚ್ ಆಫ್ ದಿ ಟಾರ್ಚ್' ತೆರೆಯಿತು. 1937ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು, 1952ರಲ್ಲಿ ನಿಧನರಾದರು.

ಅವರು ವಿರೋಧಿಸಿದ ಪದ್ಧತಿಯನ್ನು ಕೀನ್ಯದ ಸಂಸತ್ತೇ 2011ರಲ್ಲಿ ಕಾಯಿದೆಯ ಮೂಲಕ ನಿಷೇಧಿಸಿತು. ಹಾಗೆಂದು ಅಂದು ಸಿಡಿದೆದ್ದವರನ್ನು ನಾವು ಅಜ್ಞಾನಿಗಳೆನ್ನಲಾಗದು. ತಮ್ಮ ಭೂಮಿ ಕಳೆದುಕೊಂಡು, ತಮ್ಮ ಮಕ್ಕಳನ್ನು ಪರರ ಯುದ್ಧಕ್ಕೆ ಕೊಟ್ಟವರಿಗೆ, ಮನೆಯೊಳಗಿನ ಮಾತನ್ನೂ ಹೊರಗಿನವರು ತೀರ್ಮಾನಿಸುವುದು ಸಹನೆಗೆ ಮೀರಿದ್ದಾಗಿತ್ತು. 1917ರಲ್ಲಿ ಜನರ ಪಕ್ಕದಲ್ಲಿ ನಡೆದ ಆರ್ಥರ್, 1929ರಲ್ಲಿ ಅವರ ಎದುರಿಗೆ ನಿಂತು ಆಜ್ಞೆ ಮಾಡಿದರು. ವ್ಯಕ್ತಿ ಒಬ್ಬರೇ, ಉದ್ದೇಶವೂ ಜನರ ಹಿತವೇ. ಫಲ ಮಾತ್ರ ಬೇರೆ.

ಪರನಾಡಿನಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರಿಗೆ ಇದರಲ್ಲಿ ತಿಳಿಯಬೇಕಾದದ್ದು ಬಹಳವಿದೆ. ಕೆನ್ಯಾಟಾ ಅವೆನ್ಯೂದ ಸ್ಮಾರಕದಲ್ಲಿ ನಿಂತಿರುವ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಹೊರೆಯಾಳಿನದು. ಮುಂದೆ ಆ ದಾರಿಯಲ್ಲಿ ಹೋಗುವಾಗ ನಮ್ಮ ಮಕ್ಕಳಿಗೆ ಅದನ್ನು ತೋರಿಸಿ, ಕರಿಯೊಕೋರ್ ಎಂಬ ಹೆಸರಿನ ಅರ್ಥವನ್ನೂ ಹೇಳೋಣ.