ಬೋರ್ಡಿನಿಂದ ಇಳಿದ ಜಾತಿ

ಉಡುಪಿ ಕಡೆಯಿಂದ ಬೆಂಗಳೂರಿಗೆ ಅಡುಗೆ ಕೆಲಸ ಹುಡುಕಿ ಬಂದ ಅಣ್ಣತಮ್ಮಂದಿರಲ್ಲಿ ಯಜ್ಞನಾರಾಯಣ ಮಯ್ಯರೂ ಒಬ್ಬರು. 1924ರಲ್ಲಿ ಶುರುವಾದ ಅವರ ಹೋಟೆಲಿನ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. 1951ರಲ್ಲಿ ಮಯ್ಯರು ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು, ಇಲ್ಲೂ ತಂದರು. 1960ರಲ್ಲಿ ಬೋರ್ಡು ಬದಲಾಯಿತು: ಮಾವಳ್ಳಿ ಟಿಫಿನ್ ರೂಮ್ಸ್. ಜಾತಿ ಹೋಗಿ ಊರು ಬಂತು.

ರವೆ ಇಡ್ಲಿನ ಎಲ್ರೂ ಹೊಗಳ್ತಾರೆ. ನನಗೆ ದೊಡ್ಡದು ಅನ್ಸೋದು ಈ ಬೋರ್ಡು. ಚಿಕ್ಕಜಾಜೂರು ಜಂಕ್ಷನ್ ಹತ್ತಿರದ ಸಣ್ಣ ಹೋಟೆಲಲ್ಲಿ ನಾವು ಗೆಳೆಯರು ವಾರಕ್ಕೊಮ್ಮೆ ರಾತ್ರಿ ಮುದ್ದೆ-ಸಾರಿಗೆ ಕೂರ್ತೀವಿ. ಅಲ್ಲಿ ಯಾರ ಜಾತಿನೂ ಯಾರೂ ಕೇಳಲ್ಲ. ಆದ್ರೆ ಇದೇ ಗೆಳೆಯರಲ್ಲಿ ಕೆಲವರಿಗೆ ಇನ್ನು ಕೆಲವರ ಮನೆ ಪಂಕ್ತಿಯಲ್ಲಿ ಇವತ್ತಿಗೂ ಎಲೆ ಬಿದ್ದಿಲ್ಲ. ಹೋಟೆಲಿನ ಬೋರ್ಡು ಬದಲಾಗಿ 60 ವರ್ಷ ದಾಟಿತು. ಮನೆಯದು ಯಾವಾಗ?