ಹನ್ನೆರಡು ವರ್ಷದಲ್ಲಿ ಶಂಕರ್‌ನಾಗ್

ರಾಜ್ಯದ ಯಾವ ಊರಿಗೆ ಹೋದರೂ ಒಂದಾದರೂ ಆಟೋದ ಬೆನ್ನ ಮೇಲೆ ಶಂಕರ್‌ನಾಗ್ ಇರುತ್ತಾರೆ. ಎಷ್ಟೋ ಸಲ ಆ ಆಟೋ ಓಡಿಸುವವನು ಅವರು ತೀರಿಕೊಂಡ ಮೇಲೆ ಹುಟ್ಟಿದವನು. 1980ರ ‘ಆಟೋ ರಾಜ’ ಗಳಿಸಿಕೊಟ್ಟ ಪ್ರೀತಿ ಇದು. ಆದರೆ ಅದೊಂದರಿಂದಲೇ ಅವರನ್ನು ಅಳೆದರೆ ಮುಕ್ಕಾಲು ಪಾಲು ಶಂಕರ್‌ನಾಗ್ ಕೈತಪ್ಪಿ ಹೋಗುತ್ತಾರೆ.

ಚಿಗಳ್ಳಿಯ ನಮಗೆ ಹೊನ್ನಾವರ ಘಟ್ಟದ ಕೆಳಗಿನ ಊರು, ಆದರೂ ಜಿಲ್ಲೆ ಒಂದೇ. ಆ ಸೀಮೆಯ ಕೊಂಕಣಿ ಮನೆಯಲ್ಲಿ 1954ರ ನವೆಂಬರ್ 9ರಂದು ಹುಟ್ಟಿದ ಶಂಕರ ನಾಗರಕಟ್ಟೆ, ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಸಿಕ್ಕಿದ್ದೂ ನಾಟಕದಿಂದಲೇ. ಅಣ್ಣ ಅನಂತ್‌ನಾಗ್ ಆಗಲೇ ಹೆಸರು ಮಾಡಿದ್ದರು. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ತಮ್ಮನನ್ನು ಕರೆತಂದರು. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ಕಲಾತ್ಮಕ ಚಿತ್ರಗಳಿಗಷ್ಟೇ ಅಂಟಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹೊಡೆದಾಟದ ಚಿತ್ರಗಳಲ್ಲಿ ಸಾಲುಸಾಲಾಗಿ ನಟಿಸಿದರು. ಹನ್ನೆರಡು ವರ್ಷದಲ್ಲಿ ಕನ್ನಡದಲ್ಲೇ ಸುಮಾರು 80 ಚಿತ್ರ! ಅವುಗಳಲ್ಲಿ ಹಲವು ಸಾಧಾರಣ ಎಂದು ಅಭಿಮಾನಿಗಳೂ ಒಪ್ಪಬೇಕು. ಆದರೆ ಅದೇ ಹೊತ್ತಿನಲ್ಲಿ ಅವರು ‘ಸಂಕೇತ್’ ತಂಡಕ್ಕೆ ನಾಟಕ ಆಡಿಸುತ್ತಿದ್ದರು. ಕನ್ನಡ ಹಾಡುಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸ್ಟುಡಿಯೊ ಕಟ್ಟಿದರು. ನಿರ್ದೇಶಕರಾಗಿ ಮೊದಲು ಮಾಡಿದ ‘ಮಿಂಚಿನ ಓಟ’ ಕಾರು ಕಳ್ಳರ ಕಥೆ. ಮುಂದೆ ‘ಆಕ್ಸಿಡೆಂಟ್’ನಲ್ಲಿ ಹಾಡುಗಳನ್ನೇ ಕೈಬಿಟ್ಟರು. ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರನ್ನು ಕೊಂದ ರಾಜಕಾರಣಿಯ ಮಗನನ್ನು ಅಧಿಕಾರ ಹೇಗೆ ಕಾಯುತ್ತದೆ ಎಂಬುದು ಅದರ ಕಥೆ. ರಾಷ್ಟ್ರಪ್ರಶಸ್ತಿ ಬಂತು. ಇಂದಿನ ಪತ್ರಿಕೆ ಓದಿದವರಿಗೂ ಅದು ಹಳೆಯದೆನಿಸದು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣರ ಊರು ನಕ್ಷೆಯಲ್ಲಿಲ್ಲ. ಶಂಕರ್‌ನಾಗ್ ಅದನ್ನು ಮಲೆನಾಡಿನ ಆಗುಂಬೆಯಲ್ಲಿ ಹುಡುಕಿಕೊಂಡರು. ಮಳೆ, ಹೆಂಚಿನ ಮನೆ, ಜಗುಲಿ, ಸ್ವಾಮಿಯಾಗಿ ಪುಟ್ಟ ಮಂಜುನಾಥ್. ಪಾತ್ರವರ್ಗದ ತುಂಬ ಕನ್ನಡ ರಂಗಭೂಮಿಯವರು. 1986ರಿಂದ ದೂರದರ್ಶನದಲ್ಲಿ ಅದನ್ನು ಕಂಡ ಉತ್ತರ ಭಾರತದ ಮಂದಿಗೆ ಮಾಲ್ಗುಡಿ ಎಂದರೆ ಈಗಲೂ ನಮ್ಮ ಮಲೆನಾಡಿನ ಬೀದಿಯೇ. ಮರುವರ್ಷ ‘ಒಂದು ಮುತ್ತಿನ ಕಥೆ’ಗೆ ರಾಜ್‌ಕುಮಾರ್ ಅವರನ್ನು ಕಡಲಿನಾಳಕ್ಕೆ ಇಳಿಸಿದರು. ಬೆಂಗಳೂರಿಗೆ ಮೆಟ್ರೊ ರೈಲು, ಬಡವರಿಗೆ ಕಡಿಮೆ ಖರ್ಚಿನ ಮನೆ, ಹೀಗೆ ಸಿನಿಮಾಕ್ಕೆ ಸಂಬಂಧವೇ ಇಲ್ಲದ ಯೋಜನೆಗಳೂ ತಲೆಯಲ್ಲಿದ್ದವು. ನಟನಿಗೇಕೆ ಈ ಉಸಾಬರಿ ಎಂದವರೂ ಇದ್ದಿರಬೇಕು.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆ ಹೊರಟಿದ್ದ ಅವರ ಕಾರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಆಗ ಅವರಿಗೆ 36 ಕೂಡ ತುಂಬಿರಲಿಲ್ಲ. ಜೊತೆಗಿದ್ದ ಅರುಂಧತಿ ಮತ್ತು ಮಗಳು ಬದುಕುಳಿದರು.

ನಾಟಕಕ್ಕೆಂದೇ ಒಂದು ರಂಗಮಂದಿರ ಬೇಕೆಂಬ ಕನಸು ಉಳಿದಿತ್ತು. ಅದನ್ನು ಅರುಂಧತಿ ಕೈಗೆತ್ತಿಕೊಂಡರು. ದುಡ್ಡು ಕೂಡಿಸಿ, ಜಾಗಕ್ಕೆ ಅಲೆದು, ಹದಿನಾಲ್ಕು ವರ್ಷ ಕಾದು, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ದ ಬಾಗಿಲು ತೆರೆದರು. ಅಲ್ಲಿ ನಾಟಕ ತಡವಾಗಿ ಶುರುವಾಗುವುದಿಲ್ಲ, ತಡವಾಗಿ ಬಂದವರಿಗೆ ಒಳಗೆ ಪ್ರವೇಶವೂ ಇಲ್ಲ.