ಕೋಟಗಢದ ತೋಟಿಗ

ಶರತ್ಕಾಲದ ರಜೆಯಲ್ಲಿ ಶಿಮ್ಲೆಗೆ ಹೋದ ಕುಟುಂಬಗಳಲ್ಲಿ ಕೆಲವು ಇನ್ನೂ ಸುಮಾರು 80 ಕಿಲೋಮೀಟರ್ ಮುಂದೆ ಸಾಗಿ ಕೋಟಗಢ, ಥಾನೇದಾರ್ ಎಂಬ ಹಳ್ಳಿಗಳನ್ನು ಸೇರುತ್ತವೆ. ಬಹು ಆಳದಲ್ಲಿ ಸಟ್ಲೆಜ್ ನದಿ. ಇಳಿಜಾರಿನ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಸೇಬಿನ ತೋಟಗಳು. ಕೈಗೆಟುಕಿದ ಕೆಂಪು ಹಣ್ಣನ್ನು ಕಿತ್ತು ತಿನ್ನುವ ಮಕ್ಕಳು ಆ ಮರವನ್ನು ಅಲ್ಲಿಗೆ ತಂದವರಾರೆಂದು ಕೇಳುವುದು ಅಪರೂಪ. ನಮ್ಮ ಮುಂಬಯಿಯ ಹಣ್ಣಿನಂಗಡಿಗಳಲ್ಲಂತೂ ಬೆಲೆಯನ್ನಲ್ಲದೆ ಬೇರೇನನ್ನೂ ಯಾರೂ ಕೇಳರು!

ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಸಿರಿವಂತ ಮನೆತನದಲ್ಲಿ ಜನಿಸಿದರು. ತಂದೆಯ ಉದ್ಯಮ ಅವರಿಗಾಗಿ ಕಾದಿತ್ತು. ಅದನ್ನು ತೊರೆದು 1904ರಲ್ಲಿ ಭಾರತಕ್ಕೆ ಬಂದು, ಶಿಮ್ಲಾ ಬೆಟ್ಟಗಳ ಸಬಾಥುವಿನಲ್ಲಿದ್ದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಸೇವೆಗೆ ನಿಂತರು. ಮರುವರ್ಷ ಕಾಂಗ್ಡಾದಲ್ಲಿ ಭೀಕರ ಭೂಕಂಪವಾದಾಗ ನೊಂದವರ ನೆರವಿಗೆ ಧಾವಿಸಿದರು. ಕೆಲವು ಕಾಲ ಸಂನ್ಯಾಸಿಯಂತೆ ಬಾಳಿದ್ದೂ ಉಂಟು. 1912ರಲ್ಲಿ ಆ ಬೆಟ್ಟಸೀಮೆಯ ಕನ್ಯೆ ಆಗ್ನೆಸ್‌ರನ್ನು ವರಿಸಿ, ಭೂಮಿ ಕೊಂಡು ಗೃಹಸ್ಥರಾದರು.

ಬಡವರೊಡನೆ ಬಡವನಾಗಿ ಬಾಳುವುದರಿಂದಲೇ ಅವರ ಬಡತನ ನೀಗದೆಂಬುದನ್ನು ಅವರು ಕಂಡುಕೊಂಡಿದ್ದಿರಬೇಕು. ಬೆಟ್ಟದ ಹೊಲಗಳಲ್ಲಿ ಬೆಳೆಯುತ್ತಿದ್ದ ಧಾನ್ಯ ಹೊಟ್ಟೆಗೇ ಸಾಲುತ್ತಿರಲಿಲ್ಲ. ಕುಲ್ಲೂ ಕಣಿವೆಯಲ್ಲಿ ಆಂಗ್ಲರು ಆಗಲೇ ಸೇಬು ಬೆಳೆಸಿದ್ದರು. ಆದರೆ ಆ ತಳಿಗಳು ಹುಳಿ. ಸ್ಟೋಕ್ಸ್ 1916ರಲ್ಲಿ ಅಮೆರಿಕದಿಂದ ರೆಡ್ ಡೆಲಿಷಸ್ ಎಂಬ ಸಿಹಿ ತಳಿಯ ಸಸಿಗಳನ್ನು ತಂದು ನೆಟ್ಟರು. ಸೇಬಿನ ಬೀಜ ಬಿತ್ತಿದರೆ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಬೇರುಗಿಡಕ್ಕೆ ಒಳ್ಳೆಯ ಮರದ ಕಡ್ಡಿಯನ್ನು ಕಸಿ ಕಟ್ಟಬೇಕು, ಬಳಿಕ ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಒಂದೆರಡು ಬೆಳೆ ಕೈತಪ್ಪಿದರೆ ಉಪವಾಸ ಬೀಳುವ ರೈತನು ಅಷ್ಟು ಕಾಲ ಹೊಲವನ್ನು ಮರಗಳಿಗೆ ಬಿಟ್ಟುಕೊಡುವನೇ? ಆದುದರಿಂದ ಮೊದಲು ತಮ್ಮ ನೆಲದಲ್ಲಿಯೇ ಬೆಳೆದು ತೋರಿಸಿದರು. ನೆರೆಯವರಿಗೆ ಸಸಿಗಳನ್ನು ಹಂಚಿ, ಕೃಷಿಕ್ರಮವನ್ನು ಕಲಿಸಿದರು.

ಮರಗಳು ಬೆಳೆಯುತ್ತಿದ್ದ ಆ ವರ್ಷಗಳು ಸುಖದವಾಗಿರಲಿಲ್ಲ. ಅಧಿಕಾರಿಗಳ ಹೊರೆಯನ್ನು ಹಳ್ಳಿಗರು ತಮ್ಮ ಹೊಲದ ಕೆಲಸ ಬಿಟ್ಟು ಹೊರಬೇಕಾಗಿದ್ದ ಬೇಗಾರ್ ಎಂಬ ಬಿಟ್ಟಿದುಡಿಮೆಯನ್ನು ಸ್ಟೋಕ್ಸ್ ಎದುರಿಸಿದರು. ಕಾಂಗ್ರೆಸ್ಸನ್ನು ಸೇರಿ ಖಾದಿ ತೊಟ್ಟರು. 1921ರ ಡಿಸೆಂಬರಿನಲ್ಲಿ ಬಂಧಿತರಾಗಿ, ರಾಜದ್ರೋಹದ ಆರೋಪದ ಮೇಲೆ ಆರು ತಿಂಗಳ ಸೆರೆವಾಸದ ಶಿಕ್ಷೆಯನ್ನು ಲಾಹೋರಿನಲ್ಲಿ ಅನುಭವಿಸಿದರು. ಅಮೆರಿಕದಲ್ಲಿ ಹುಟ್ಟಿದವರೊಬ್ಬರು ನಮ್ಮ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡುದನ್ನು ನಾವು ಪಾಠಪುಸ್ತಕಗಳಲ್ಲಿ ಓದುವುದೇ ವಿರಳ. ಮುಂದೆ ಅವರ ಮಗ ತಾರಾ ಬಾಲ್ಯದಲ್ಲಿಯೇ ರೋಗದಿಂದ ತೀರಿಕೊಂಡನು. ಆ ದುಃಖದಲ್ಲಿ ತಂದೆ ಮಾಡಿದ ಕೆಲಸವೆಂದರೆ ಮಗನ ಹೆಸರಿನಲ್ಲಿ ಊರ ಮಕ್ಕಳಿಗಾಗಿ ಒಂದು ಶಾಲೆ ತೆರೆದದ್ದು.

1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆನಿಸಿದರು, ಪತ್ನಿ ಪ್ರಿಯಾದೇವಿಯಾದರು. ಅಷ್ಟರಲ್ಲಿ ಕೋಟಗಢದ ಹಣ್ಣು ಪೇಟೆಯಲ್ಲಿ ಹೆಸರು ಮಾಡಿತ್ತು. ಸಸಿ ಪಡೆಯಲು ಅಳುಕಿದ್ದವರ ಮನೆಗಳಿಗೂ ಹಣ ಬರತೊಡಗಿತ್ತು.

ಸತ್ಯಾನಂದರು ತೀರಿಕೊಂಡದ್ದು 1946ರ ಮೇ 14ರಂದು, ಸ್ವಾತಂತ್ರ್ಯಕ್ಕೆ ವರ್ಷದ ಮೇಲೆ ಮೂರು ತಿಂಗಳಿರುವಾಗ. ಬೆಟ್ಟದ ತೋಟಗಳಲ್ಲಿ ಹೂವುದುರಿ ಕಾಯಿ ಕಚ್ಚುವ ಕಾಲ ಅದು.